ಮಟಮಟ ಮಧ್ಯಾಹ್ನದ ನಡಿಗೆ

ನಮ್ಮ ಕಡೆ ಎಳ್ಳಮಾಸಿಯ ದಿನ ಹೊಲಕ್ಕೆ ಹೋಗದವನು ಒಂದೋ ಹಾಸಿಗೆ ಹಿಡಿದಿರಬೇಕು, ಇಲ್ಲಾ ಬೆಂಗಳೂರಿನಲ್ಲಿರಬೇಕು. ಈ ಸಲ ಅಂತೂರ-ಬೆಂತೂರಿನ ಗೆಳೆಯರ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಕರಿಂಡಿ ಎಲ್ಲ ಗಡದ್ದಾಗಿ ಉಂಡದ್ದಾಯಿತು. ಉಳಿದವರು ಬನ್ನಿಗಿಡದ ನೆರಳಿಗೆ ಅಡ್ಡಾದರು. ನಾನು ಟಾವೆಲ್ ತಲೆಗೆ ಸುತ್ತಿಕೊಂಡು ಒಡ್ಡು ಹಿಡಿದು ಹೊರಟೆ.

"ಈ ಬಿಸಲಾಗ ಎಲ್ಲಿಗ್ರೀ ಕಾಕಾ? ಅಡ್ಡಾಡೂದಿದ್ರ ಮುಂಜಾನೆ ಐದಕ್ಕ ಅಡ್ಡಾಡಬೇಕ್ರಿ" ಎಂದ ಗೆಳೆಯರ ಅಳಿಯ. ಹುಬ್ಬಳ್ಳಿಯ ಹುಡುಗ. ಮುಂಗೈಯಲ್ಲಿ ಹೆಜ್ಜೆ ಎಣಿಸುವ ಗಡಿಯಾರ. ಅವರದೊಂದು ನಡಿಗೆಯ ಬಳಗವಿದೆಯಂತೆ. ಐದಕ್ಕೆ ಹೊರಟು ಎಂಟಕ್ಕೆ ಇಡ್ಲಿ-ವಡೆ ಮುಟ್ಟುವುದು ಅದರ ನೇಮ. ಹಬ್ಬದ ದಿನ, ಮೇಲಾಗಿ ಬೀಗರ ಕಡೆಯ ಅಳಿಯ. ಏನೂ ಅನ್ನದೆ ನಡೆದೆ. ಅಲ್ಲಿ ಅನ್ನದೇ ಉಳಿದದ್ದನ್ನು ಇಲ್ಲಿ ಅನ್ನುತ್ತೇನೆ.

ಈ ಮುಂಜಾನೆಯ ಪಂಗಡದವರಿಗೆ ಎರಿಹೊಲದ ಗುಣವೇ ಗೊತ್ತಿಲ್ಲ. ಹಿಂಗಾರಿಯಲ್ಲಿ ಮುಂಜಾನೆ ಆರಕ್ಕೆ ಜೋಳದ ಸಾಲಿನೊಳಗೆ ಕಾಲಿಟ್ಟು ನೋಡಿ. ಮೊಣಕಾಲಿನಿಂದ ಎದೆಯ ತನಕ ಇಬ್ಬನಿಯಲ್ಲಿ ತೊಯ್ದು ಹೋಗುತ್ತೀರಿ. ಕಡಲೆ ಹೊಲಕ್ಕೆ ಇಳಿದರೆ ಎಲೆಯ ಹುಳಿ ಪಾದಕ್ಕೆ ಹತ್ತಿ ಚುರುಗುಟ್ಟುತ್ತದೆ. ಹದ ಆರದ ಎರಿ ಬೂಟಿಗೆ ಮೆತ್ತಿ, ಮೆತ್ತಿದ್ದಕ್ಕೆ ಇನ್ನಷ್ಟು ಮೆತ್ತಿ, ಸ್ವಲ್ಪ ಹೊತ್ತಿಗೆ ಎರಡೂ ಕಾಲಲ್ಲಿ ಒಬ್ಬೊಬ್ಬ ಮೊಮ್ಮಗನನ್ನು ಕಟ್ಟಿಕೊಂಡು ನಡೆದ ಹಾಗಾಗುತ್ತದೆ. ಅದೇ ಮಧ್ಯಾಹ್ನಕ್ಕೆ ನೆಲ ಬಿರಿದು ಗಟ್ಟಿಯಾಗಿರುತ್ತದೆ, ಒಡ್ಡಿನ ಕರಿಕೆ ಒಣಗಿರುತ್ತದೆ, ಹಾವು ಹುಳ ಕಣ್ಣಿಗೆ ಬೀಳುತ್ತವೆ. ಆದರೆ ನಾನು ಮಧ್ಯಾಹ್ನವನ್ನು ಹಿಡಿದುಕೊಂಡಿರುವುದು ಇದಕ್ಕಲ್ಲ. ನಾನು ನಡೆಯುವುದು ವೀರಗಲ್ಲು ನೋಡಲಿಕ್ಕೆ. ವೀರಗಲ್ಲಿಗೆ ಬೇಕಾದದ್ದು ಮುಂಜಾನೆಯ ಬಿಸಿಲಲ್ಲ.

ಇದನ್ನು ಎಷ್ಟು ಹೇಳಿದರೂ ಯಾರೂ ನಂಬುವುದಿಲ್ಲ, ಆದ್ದರಿಂದ ಬಿಡಿಸಿ ಹೇಳುತ್ತೇನೆ. ಮೂಡಲಿಗೆ ಮುಖ ಮಾಡಿ ನಿಂತ ಕಲ್ಲು ಎಂದಿಟ್ಟುಕೊಳ್ಳಿ. ಮುಂಜಾನೆ ಸೂರ್ಯ ಅದರ ಎದುರಿಗೇ ಇರುತ್ತಾನೆ. ಬೆಳಕು ನೇರ ಮುಖಕ್ಕೆ ಬಡಿಯುತ್ತದೆ. ಎಂಟುನೂರು, ಒಂಬೈನೂರು ವರ್ಷ ಮಳೆ-ಗಾಳಿ ತಿಂದು, ದನ ಮೈ ತಿಕ್ಕಿ ಸವೆದ ಕಲ್ಲು ಆಗ ಬರೀ ಹಾಸುಗಲ್ಲು. ಫೋಟೊ ತೆಗೆದುಕೊಂಡು "ಏನೂ ಉಳಿದಿಲ್ರಿ ಇದರಾಗ" ಎಂದು ಬಳಗದವರು ಇಡ್ಲಿಗೆ ಹೊರಡುವುದು ಆಗಲೇ. ಹನ್ನೊಂದೂವರೆ ದಾಟಲಿ. ಚಳಿಗಾಲದ ಸೂರ್ಯ ತೆಂಕಲಿಗೆ ವಾಲಿಕೊಂಡೇ ಏರುತ್ತಾನೆ, ಬೆಳಕು ಕಲ್ಲಿನ ಮುಖವನ್ನು ಸವರಿಕೊಂಡು ಹಾಯತೊಡಗುತ್ತದೆ. ಕೂದಲೆಳೆಯಷ್ಟು ಉಬ್ಬಿದ್ದರೂ ಅದಕ್ಕೊಂದು ನೆರಳು ಹುಟ್ಟುತ್ತದೆ. ಬಿಲ್ಲು ಕಾಣುತ್ತದೆ, ಬಾಣ ಕಾಣುತ್ತದೆ, ಕಟ್ಟಿದ ತುರುಬು ಕಾಣುತ್ತದೆ. ಬಿಸಿಲು ಕಲ್ಲನ್ನು ಬಿಟ್ಟು ಹಿಂದಕ್ಕೆ ಸರಿಯುವ ಮುಂಚಿನ ಆ ಅರ್ಧ ತಾಸೇ ಮುಖ್ಯ. ಬಡಗಲಿಗೆ ಮುಖ ಮಾಡಿದ ಕಲ್ಲಾದರೆ ಚಳಿಗಾಲವಿಡೀ ನೆರಳಲ್ಲೇ ಇರುತ್ತದೆ. ಅದಕ್ಕೆಂದೇ ನನ್ನ ಚೀಲದಲ್ಲಿ ಜಾತ್ರೆಯಲ್ಲಿ ಕೊಂಡ ಒಂದು ಅಂಗೈಯಗಲದ ಕನ್ನಡಿ. ಬಿಸಿಲಿಗೆ ಹಿಡಿದು ಬೆಳಕನ್ನು ಪಕ್ಕದಿಂದ ಓರೆಯಾಗಿ ಹಾಯಿಸಿದರೆ ಸಾಕು.

ಕನ್ನಡಿಯ ಜಾಗದಲ್ಲಿ ಸೀಮೆಸುಣ್ಣ ಇಟ್ಟುಕೊಂಡು ಬರುವವರಿದ್ದಾರೆ. ಅವರ ಮೇಲೆ ನನಗೆ ಅಳಿಯನ ಮೇಲಿಗಿಂತ ಹೆಚ್ಚು ಸಿಟ್ಟು. ಶಾಸನದ ಪಡಿಯಚ್ಚು ತೆಗೆಯುವವರು ಒದ್ದೆ ಕಾಗದ ಹಚ್ಚಿ, ಬ್ರಶ್ಶಿನಿಂದ ಬಡಿದು, ಮಸಿ ಒತ್ತಿ ಕಲ್ಲು ಹೇಳಿದ್ದನ್ನಷ್ಟೇ ಎತ್ತಿಕೊಳ್ಳುತ್ತಾರೆ. ಸೀಮೆಸುಣ್ಣದವನು ಹಾಗಲ್ಲ. ತಾನು ಕಂಡದ್ದನ್ನು ಕಲ್ಲಿನ ಮೇಲೆ ಬರೆದು, ಬಳಿಕ ಅದನ್ನೇ ಕಲ್ಲಿನಿಂದ ಓದುತ್ತಾನೆ. ಅವನಿಗೆ ಕುದುರೆ ಅನ್ನಿಸಿದರೆ ಕುದುರೆ ಗೀಚುತ್ತಾನೆ. ಮುಂದೆ ಬಂದವರೆಲ್ಲ ಕುದುರೆಯನ್ನೇ ಕಾಣುತ್ತಾರೆ. ಅದು ಎತ್ತು ಎಂದು ನಾನು ಒಮ್ಮೆ ವಾದಿಸಿದ್ದಕ್ಕೆ ಒಬ್ಬ ನಿವೃತ್ತ ಮಾಸ್ತರರು ಇವತ್ತಿಗೂ ಮಾತು ಬಿಟ್ಟಿದ್ದಾರೆ. ಅದು ಎತ್ತೇ.

ಎಳ್ಳಮಾಸಿಯ ದಿನ ಒಡ್ಡಿನ ಕೊನೆಗೆ, ಬಾರಿ ಕಂಟಿಯ ಮಗ್ಗುಲಿಗೆ ಸಿಕ್ಕ ಕಲ್ಲು ಸೊಂಟದೆತ್ತರದ್ದು. ಕೆಳಗಿನ ಪಟ್ಟಿಕೆ ಅರ್ಧ ಮಣ್ಣಲ್ಲಿ. ಕೈಯಿಂದ ಮಣ್ಣು ಸರಿಸಿ ಹೊತ್ತು ನೋಡುತ್ತ ಕೂತೆ. ಮೊದಲು ಕಂಡದ್ದು ವೀರನ ಕಾಲು, ಬಲಗಾಲಿಗಿಂತ ಎಡಗಾಲು ಗೇಣುದ್ದ ಜಾಸ್ತಿ. ಊರ ಕಲ್ಲುಕುಟಿಗ, ಲಕ್ಕುಂಡಿಯ ಓಜರ ಪೈಕಿ ಅಲ್ಲ. ವೀರನ ಎದುರಿಗೆ ಇಬ್ಬರು ಬಿಲ್ಲಾಳುಗಳು. ಬೆನ್ನ ಹಿಂದೆ ಸಾಲಾಗಿ ದನ. ತುರುಗಾಳಗದ ಕಲ್ಲು, ಅಂದರೆ ಊರ ದನ ಹೊಡೆದುಕೊಂಡು ಹೋಗುತ್ತಿದ್ದವರನ್ನು ತಡೆದು ಸತ್ತವನದ್ದು. ದನಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿವೆ, ಕೊನೆಯದೊಂದು ಮಾತ್ರ ಕೊರಳು ಹಿಂದಕ್ಕೆ ತಿರುಗಿಸಿದೆ. ಅದರ ಹೊಟ್ಟೆಯ ಕೆಳಗೆ ಉಗುರಿನಷ್ಟೊಂದು ಉಬ್ಬು. ಕನ್ನಡಿ ಹಾಯಿಸಿದಾಗ ಕರು! ಮೇಲಿನ ಪಟ್ಟಿಕೆಯಲ್ಲಿ ಇಬ್ಬರು ಅಪ್ಸರೆಯರು ವೀರನ ರಟ್ಟೆ ಹಿಡಿದು ಒಯ್ಯುತ್ತಿದ್ದಾರೆ. ಅದಕ್ಕೂ ಮೇಲೆ ಲಿಂಗದ ಮುಂದೆ ಅವನು ಕೈಮುಗಿದು ಕೂತಿದ್ದಾನೆ, ತುದಿಗೆ ಸೂರ್ಯ ಚಂದ್ರ. ಅಕ್ಷರ ಒಂದೂ ಇಲ್ಲ.

ಹೆಸರಿದ್ದವರ ಯುದ್ಧಗಳಿಗೇನು, ಈ ಸೀಮೆಯಲ್ಲಿ ಬರ ಇಲ್ಲ. ನಮ್ಮ ಸೊರಟೂರಿನ ಬಯಲಲ್ಲೇ 1190ರ ಸುಮಾರಿಗೆ ಹೊಯ್ಸಳ ವೀರಬಲ್ಲಾಳ ಸೇವುಣರ ಭಿಲ್ಲಮನನ್ನು ಮುರಿದದ್ದು. ಗದುಗಿನ ತ್ರಿಕೂಟೇಶ್ವರದ 1192ರ ಶಾಸನ ಆ ಗೆಲುವನ್ನು ಬಾಯಿತುಂಬ ಹೊಗಳುತ್ತದೆ. ಭಿಲ್ಲಮನ ಕಡೆ ಎರಡು ಲಕ್ಷ ಕಾಲಾಳು, ಹನ್ನೆರಡು ಸಾವಿರ ಕುದುರೆ ಇದ್ದವೆಂಬ ಲೆಕ್ಕವೂ ಹೊಯ್ಸಳರ ಶಾಸನಗಳಲ್ಲಿ ಬರುತ್ತದೆ. ಅಷ್ಟು ಕುದುರೆಗೆ ಮೇವು ಎಲ್ಲಿಂದ ತಂದರೋ, ಹೊಗಳುಭಟ್ಟರಿಗೆ ಆ ಚಿಂತೆ ಇರುವುದಿಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದ ದಂಡಿನ ಕತೆ ಡಂಬಳದ್ದು. ಇಂಗ್ಲಿಷರಿಗೆ ತಿರುಗಿಬಿದ್ದ ಧೋಂಡಿಯಾ ವಾಘನ ಬೆನ್ನು ಹತ್ತಿ ಬಂದ ಆರ್ಥರ್ ವೆಲ್ಲೆಸ್ಲಿ 1800ರ ಜುಲೈ 26ರಂದು ಡಂಬಳದ ಕೋಟೆಗೆ ಲಗ್ಗೆ ಹಾಕಿ ಹಿಡಿದ. ಹದಿನೈದು ವರ್ಷದ ಮೇಲೆ ವಾಟರ್ಲೂದಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು ಇವನೇ. ಬಂದದ್ದಾದರೂ ಯಾವಾಗ? ಜುಲೈ ತಿಂಗಳಲ್ಲಿ, ಅದೂ ಎರಿನೆಲಕ್ಕೆ! ತೋಪಿನ ಗಾಲಿಗಳು, ಎತ್ತು, ಸಾಮಾನಿನ ಬಂಡಿ, ಬೂಟಿನ ಗೋರಾ ಸಿಪಾಯಿಗಳು. ಡಂಬಳಕ್ಕೆ ನಡೆಯುವಾಗೆಲ್ಲ ನನ್ನ ಕಣ್ಣಿಗೆ ಬರುವುದು ಕೋಟೆಯ ಕಾಳಗವಲ್ಲ, ಅಚ್ಚಿನ ತನಕ ಹೂತ ಗಾಲಿಯನ್ನು ಎತ್ತಲಿಕ್ಕೆ ಹೆಗಲು ಕೊಟ್ಟ ಆಳುಗಳು. ಅದೇ ಡಂಬಳದ ಖಜಾನೆಗೆ 1858ರಲ್ಲಿ ಬಂಡೆದ್ದ ಮುಂಡರಗಿ ಭೀಮರಾಯ ಕೈ ಹಾಕಿದ. ಅಲ್ಲಿಂದ ಕೊಪ್ಪಳದ ಕೋಟೆ ಹೊಕ್ಕು ಜೂನ್ 1ರಂದು ಇಂಗ್ಲಿಷರ ಕೈಯಲ್ಲಿ ಸತ್ತ. ಅವನು ಓಡಾಡಿದ್ದು ಮುಂಗಾರು ಇಳಿಯುವ ಮುಂಚೆ, ನೆಲ ಒಣಗಿದ್ದಾಗ. ಸೀಮೆಯ ಮಗ, ಅವನಿಗೆ ಯಾರೂ ಕಲಿಸಬೇಕಿರಲಿಲ್ಲ.

ಡಂಬಳದ ಕಡೆಯಿಂದ ಕಪ್ಪತ್ತಗುಡ್ಡಕ್ಕೆ ತಿರುಗಿದರೆ ಮಣ್ಣು ಮಸಾರಿಯಾಗುತ್ತದೆ, ನಡಿಗೆ ಹಗುರಾಗುತ್ತದೆ. ಬಿಂಕದಕಟ್ಟಿಯಿಂದ ಸಿಂಗಟಾಲೂರಿನ ತನಕ ಚಾಚಿದ ಸಾಲಿದು. ಬಂದರಿಕೆ, ಕಾರಿಗಿಡ, ಕವಳಿಹಣ್ಣಿನ ಕಂಟಿ, ಮಜ್ಜಿಗೆಹುಲ್ಲು. ತೋಳ, ಕತ್ತೆಕಿರುಬ, ಕೊಂಡಕುರಿಗಳೂ ಉಂಟು. ಗಣಿಯವರ ಬಾಯಿಂದ ಬಿಡಿಸಿಕೊಳ್ಳಲು ಜನ ಬೀದಿಗಿಳಿದ ಮೇಲೆ, 2019ರಲ್ಲಿ ಇದರ 244 ಚದರ ಕಿಲೋಮೀಟರು ವನ್ಯಜೀವಿ ಧಾಮವಾಯಿತು. ಎಪ್ಪತ್ತು ಗಿರಿ ನೋಡುವುದಕ್ಕಿಂತ ಕಪ್ಪತ್ತಗಿರಿ ನೋಡುವುದು ಲೇಸು ಎಂದು ಹಿರಿಯರು ಹೇಳುತ್ತಿದ್ದುದು ಈ ಗಿಡಮೂಲಿಕೆಯ ಕಾಡಿಗೆ. ಈಗ ಬರುವವರು ಗಾಳಿಗಿರಣಿಯ ಕೆಳಗೆ ಸೆಲ್ಫಿ ತೆಗೆದು, ಸ್ಪೀಕರ್ ಹಚ್ಚಿ ಕುಣಿದು ಇಳಿಯುತ್ತಾರೆ. ಮಾರ್ಚಿನಲ್ಲಿ ಒಣಹುಲ್ಲಿಗೆ ಬೆಂಕಿ ಹತ್ತಿತೆಂದರೆ ಇವರ ಬೀಡಿ-ಸಿಗರೇಟಿನ ಮೇಲೆ ನನಗೆ ಗುಮಾನಿ. ಇರಲಿ, ಕುಣಿಯುವ ವಯಸ್ಸು.

ನಿಜವಾಗಿ ಹೊಟ್ಟೆ ಉರಿಯುವುದು ಬೇರೊಂದಕ್ಕೆ. ಲಕ್ಷ್ಮೇಶ್ವರದ ಆಚೆ, ಕುಂದಗೋಳ ತಾಲೂಕಿನ ಬೆಟದೂರಿನಲ್ಲಿ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದರ ಸಮಾಧಿಯಿದೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮದಡಿ ಹೂತು, ಆರು ದಿನದ ಮೇಲೆ ಜೀವಂತ ಸಿಕ್ಕಿ, 11ರಂದು ದಿಲ್ಲಿಯಲ್ಲಿ ಕಣ್ಣು ಮುಚ್ಚಿದವರು. ಆ ವಾರ ಈ ಸೀಮೆಯ ಗುಡಿ, ಮಠ, ದರ್ಗಾಗಳಲ್ಲಿ ಅವರಿಗಾಗಿ ಬೇಡಿಕೊಳ್ಳದವರಿರಲಿಲ್ಲ. ಅಂಥ ಸಿಪಾಯಿಗಳನ್ನು ನೆನೆಯುವ ನಮ್ಮ ಇವತ್ತಿನ ರೀತಿ ಯಾವುದು? ಫ್ಲೆಕ್ಸ್. ಯಾವುದೇ ಊರಿನ ಬಸ್‌ಸ್ಟ್ಯಾಂಡಿಗೆ ಹೋಗಿ ನೋಡಿ. ಸತ್ತ ಯೋಧನ ಮುಖ ಮೂಲೆಯಲ್ಲಿ ಪಾಸ್‌ಪೋರ್ಟ್ ಅಳತೆಗೆ. ಶ್ರದ್ಧಾಂಜಲಿ ಕೋರುವವರ ಮುಖ ಅದರ ನಾಲ್ಕು ಪಟ್ಟು, ಅದೂ ಕೂಲಿಂಗ್ ಗ್ಲಾಸ್ ಹಾಕಿಕೊಂಡು. ಎರಡು ಮಳೆಗಾಲಕ್ಕೆ ಬಣ್ಣ ಹಾರಿ, ಯಾರದೋ ಹೊಟ್ಟಿನ ಬಣವಿಗೆ ಹೊದಿಕೆಯಾಗುತ್ತದೆ. ಬೆಂತೂರಿನ ಹೊಲದ ಆ ಕಲ್ಲಿನಲ್ಲಿ ಅರಸನಿಲ್ಲ, ಗೌಡನಿಲ್ಲ, ಕಲ್ಲಿಗೆ ದುಡ್ಡು ಕೊಟ್ಟವನ ಮುಖವೂ ಇಲ್ಲ. ಸತ್ತವನು, ಕೊಂದವರು, ಉಳಿದ ದನ, ಅಷ್ಟೇ. ಗೇಣುದ್ದ ಕಾಲು ತಪ್ಪಿ ಕಡೆದ ಆ ಕುಟಿಗನಿಗೆ ಯಾರನ್ನು ದೊಡ್ಡದು ಮಾಡಬೇಕೆಂಬುದು ಗೊತ್ತಿತ್ತು.

ಅವತ್ತು ಆ ಕಲ್ಲಿನ ಮುಂದೆ ಕೂತಿದ್ದ ನನ್ನನ್ನು ಕಂಡು, ಕುರಿ ಹೊಡೆದುಕೊಂಡು ಬಂದ ಮುದುಕರೊಬ್ಬರು, "ಏನ್ ನೋಡಾಕತ್ತಿಯೋ ತಮ್ಮಾ, ಅದರ ಬುಡಕ ನಿಧಿ ಇಲ್ಲ, ಅಗದವರು ಅಗದು ಹ್ವಾದ್ರು" ಎಂದರು. ಕಲ್ಲು ಒಂದು ಕಡೆ ವಾಲಿದ್ದು ಯಾಕೆಂದು ಆಗ ತಿಳಿಯಿತು. "ಮುಂದಿನ ವಾರ ಇದನ್ನ ಊರಾಗ ಒಯ್ದು ಗುಡಿ ಮುಂದ ಇಟ್ಟು, ಬಂಗಾರ ಬಣ್ಣದ ಆಯಿಲ್ ಪೇಂಟ್ ಹೊಡಸ್ತಾರಂತ" ಎಂದೂ ಸೇರಿಸಿದರು.

ಅದಕ್ಕಾಗಿಯೇ ಇಷ್ಟೆಲ್ಲ ಬರೆದದ್ದು. ನಿಮ್ಮ ಹೊಲದಲ್ಲಿ, ಗುಡಿಯ ಕಟ್ಟೆಯಲ್ಲಿ ಇಂಥ ಕಲ್ಲಿದ್ದರೆ ಜೆಸಿಬಿಯವನಿಗೆ ಮೊದಲೇ ತೋರಿಸಿಡಿ. ವಾಲಿದ್ದರೆ ಆಳು ಹಚ್ಚಿ ನೆಟ್ಟಗೆ ನಿಲ್ಲಿಸಿ. ಕುಂಕುಮ ಹಚ್ಚಿ, ಕಾಯಿ ಒಡೆಯಿರಿ, ಬೇಡ ಅನ್ನುವುದಿಲ್ಲ. ಪೇಂಟಿನ ಡಬ್ಬಿ ಮಾತ್ರ ತರಬೇಡಿ. ಎರಡು ಕೈ ಬಳಿದರೆಂದರೆ ಕರು ಮುಚ್ಚಿಹೋಗುತ್ತದೆ.