ಚೋಕ್ ಎಳೆಯುವ ಕಾರು

ಬೆಂಗಳೂರಿನಿಂದ ರಜೆಗೆ ಬಂದಿದ್ದ ಮೊಮ್ಮಗ ನಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕೂತು, ಡ್ಯಾಶ್‌ಬೋರ್ಡಿನಲ್ಲಿದ್ದ ಕಪ್ಪು ಗುಂಡಿಯೊಂದನ್ನು ಹಿಡಿದೆಳೆದು, "ಅಜ್ಜ, ಇದೇನು?" ಎಂದು ಕೇಳಿದ. "ಚೋಕ್" ಎಂದೆ. ಹಾಗೆಂದರೆ ಏನು ಎಂಬುದು ಮುಂದಿನ ಪ್ರಶ್ನೆ. ಮೂವತ್ತು ವರ್ಷ ಪಾಠ ಹೇಳಿದವನು ನಾನು, ಉತ್ತರವಿಲ್ಲದೆ ಇರುತ್ತೇನೆಯೇ? "ಮಳೆಗಾಲದ ಚಳಿಗೆ ನಿನ್ನ ಅಜ್ಜಿ ಬೆಳಿಗ್ಗೆ ಎದ್ದ ಕೂಡಲೆ ಕಷಾಯ ಕುಡಿಯುತ್ತಾಳಲ್ಲ, ಹಾಗೆ ಈ ಕಾರಿಗೂ ಬೆಳಿಗ್ಗೆ ಗಾಳಿ ಕಡಿಮೆ ಮಾಡಿ ಪೆಟ್ರೋಲ್ ಸ್ವಲ್ಪ ದಪ್ಪಗೆ ಕೊಡಬೇಕು. ಅದಕ್ಕೇ ಈ ಗುಂಡಿ" ಎಂದೆ. ಅವನು ಒಂದು ಕ್ಷಣ ಯೋಚಿಸಿ, "ನಮ್ಮ ಕಾರು ಕಷಾಯ ಕುಡಿಯೋದಿಲ್ಲ" ಎಂದು ಇಳಿದುಹೋದ.

ಅವರ ಕಾರು ನಿಜಕ್ಕೂ ಕುಡಿಯುವುದಿಲ್ಲ. ಅದಕ್ಕೆ ಕೀಲಿಕೈಯೂ ಬೇಡ. ನಮ್ಮದು 1993ರ ಮಾಡೆಲಿನ ಬಿಳಿ ಮಾರುತಿ 800. ಬಿಳಿ ಎಂಬುದು ಆರ್‌ಸಿ ಪುಸ್ತಕದ ಪ್ರಕಾರ. ಮಲೆನಾಡಿನ ಮಳೆ, ಕೆಮ್ಮಣ್ಣು, ಅಡಿಕೆ ಚೊಗರು ಇವೆಲ್ಲ ಸೇರಿ ಈಗಿರುವ ಬಣ್ಣಕ್ಕೆ ಹೆಸರಿಟ್ಟವರಿಲ್ಲ. 796 ಸಿಸಿಯ ಎಂಜಿನ್ನು, ಮೂರು ಸಿಲಿಂಡರು, ನಾಲ್ಕು ಗೇರು, ಹನ್ನೆರಡು ಇಂಚಿನ ಚಕ್ರ. ಒಟ್ಟು ತೂಕ 650 ಕಿಲೋ ಆಸುಪಾಸು. ಕೆಸರಿನಲ್ಲಿ ಹುಗಿದರೆ ನಾಲ್ಕು ಆಳು ಸೇರಿ ಹಿಂಭಾಗವನ್ನು ಎತ್ತಿ ಗಟ್ಟಿ ನೆಲದಲ್ಲಿ ಇಟ್ಟುಬಿಡಬಹುದು. ಈ ಸೌಕರ್ಯ ಈಗಿನ ಯಾವ ಕಾರಿನಲ್ಲಿದೆ, ಹೇಳಿ.

1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಮಾರುತಿಯ ಕೀಲಿಕೈಯನ್ನು ಅದನ್ನು ಕೊಂಡವರಿಗೆ ಕೊಟ್ಟಾಗ ನಾನು ಸಾಗರದಲ್ಲಿ ಆಗತಾನೆ ಕೆಲಸಕ್ಕೆ ಸೇರಿದ್ದ ಕನ್ನಡ ಅಧ್ಯಾಪಕ. ಆಗ ಅದರ ಬೆಲೆ 50 ಸಾವಿರದ ಹತ್ತಿರ. ನನ್ನ ಸಂಬಳದ ಲೆಕ್ಕದಲ್ಲಿ ಮೂರು ನಾಲ್ಕು ವರ್ಷ ಊಟ ಬಿಟ್ಟರೆ ಸಿಕ್ಕುವಂಥದು. ಹದಿನೈದು ವರ್ಷ ಕಳೆದು, 1998ರಲ್ಲಿ, ಶಿವಮೊಗ್ಗದ ವೈದ್ಯರೊಬ್ಬರು ಐದು ವರ್ಷ ಓಡಿಸಿ ಮಾರಿದ ಕಾರು 1 ಲಕ್ಷದ 15 ಸಾವಿರಕ್ಕೆ ನಮ್ಮ ಮನೆಗೆ ಬಂತು. ಅರ್ಧ ಸೊಸೈಟಿ ಸಾಲ, ಇನ್ನರ್ಧ ನನ್ನ ಹೆಂಡತಿಯ ಪಾಲಿಗೆ ಬಂದ ಅಡಿಕೆಯ ದುಡ್ಡು. ಈ ಎರಡನೆಯ ಅರ್ಧವನ್ನು ನಾನು ಮುಂದೆ ಮರೆತೆ. ಆ ವಿಷಯಕ್ಕೇ ಬರುತ್ತಿದ್ದೇನೆ.

ಕಾರು ಕೊಂಡದ್ದು ನಾನಾದರೂ ಅದನ್ನು ಒಲಿಸಿಕೊಂಡವಳು ಅವಳು. ನಾನು ಕ್ಲಚ್ ಬಿಡುವಾಗ ಕಾರು ಕಪ್ಪೆಯ ಹಾಗೆ ಹಾರುತ್ತಿತ್ತು. ಮೂವತ್ತೆಂಟನೆಯ ವಯಸ್ಸಿನಲ್ಲಿ ಕೊಯ್ಲಾದ ಗದ್ದೆಯಲ್ಲಿ ಕಲಿತ ಅವಳು ತಿಂಗಳೊಳಗೆ ಪೇಟೆಬೀದಿಯಲ್ಲಿ ಓಡಿಸಿದಳು. ಅವಳಿಗೆ ಕಲಿಯುವ ಕಾರಣ ಗಟ್ಟಿಯಾಗಿತ್ತು. ತವರುಮನೆ ತುಮರಿಯ ಕಡೆ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿಯ ನೀರು ನಿಂತ ಮೇಲೆ ಅತ್ತಲಿನ ಊರುಗಳಿಗೆ ಸಾಗರ ಎನ್ನುವುದು ಹಿನ್ನೀರಿನಾಚೆಯ ದೇಶವಾಯಿತು. ಹೊಳೆಬಾಗಿಲಿಗೆ ಬಸ್ಸು, ಅಲ್ಲಿ ಲಾಂಚು, ಲಾಂಚು ಇಳಿದರೆ ಮತ್ತೆ ಬಸ್ಸು. ಒಂದು ತಪ್ಪಿದರೆ ಎಲ್ಲವೂ ತಪ್ಪುತ್ತಿತ್ತು. ಕಾರನ್ನು ಲಾಂಚಿಗೆ ಹತ್ತಿಸಲು ನಾನು ಹೋದರೆ ಹತ್ತು ಜನ ಹತ್ತು ದಿಕ್ಕಿನಿಂದ ಕೈ ಬೀಸುತ್ತಿದ್ದರು. ಇವಳು ಹತ್ತಿಸುವಾಗ ಯಾರೂ ಬೀಡಿ ಕೂಡ ಕೆಳಗಿಡುತ್ತಿರಲಿಲ್ಲ.

2009ರ ಜುಲೈನ ಒಂದು ರಾತ್ರಿಯ ಸಂಗತಿಯನ್ನು ಹೇಳಬೇಕು. ನಾನು ಅಲ್ಲಿರಲಿಲ್ಲ, ಸಾಗರದ ಮನೆಯಲ್ಲಿ ಹೊದ್ದು ಮಲಗಿದ್ದೆ. ಇವಳು ಅಮ್ಮನನ್ನು ನೋಡಲು ಬೆಳಗಿನ ಲಾಂಚಿನಲ್ಲಿ ಕಾರಿನ ಸಮೇತ ಹೋಗಿದ್ದಳು. ರಾತ್ರಿ ಹನ್ನೊಂದಕ್ಕೆ ಅತ್ತೆಯವರಿಗೆ ಉಸಿರು ಕಟ್ಟತೊಡಗಿತು. ಲಾಂಚು ಸಂಜೆಗೇ ನಿಂತಿತ್ತು. ಉಳಿದದ್ದು ನಿಟ್ಟೂರು, ಹೊಸನಗರದ ಮೇಲೆ ಸುತ್ತಿ ಬರುವ ಕಾಡಿನ ದಾರಿ. ಹಿಂದಿನ ಸೀಟಿನಲ್ಲಿ ಅಮ್ಮನನ್ನು ಒರಗಿಸಿ, ಪಕ್ಕದಲ್ಲಿ ತಮ್ಮನನ್ನು ಕೂರಿಸಿ ಹೊರಟಳು. ಅರ್ಧ ದಾರಿಯಲ್ಲಿ ರಸ್ತೆಯ ಮೇಲೆ ಹಳ್ಳ ಹರಿಯುತ್ತಿತ್ತಂತೆ. ದಾಟಿದ್ದೇನೋ ದಾಟಿದಳು, ಆಚೆ ದಡದಲ್ಲಿ ಕಾರು ನಿಂತಿತು. ತಪ್ಪು ಕಾರಿನದಲ್ಲ, ನೀರಿನದು. ಡಿಸ್ಟ್ರಿಬ್ಯೂಟರಿನ ಮುಚ್ಚಳದೊಳಗೆ ತೇವ ಹೊಕ್ಕರೆ ಪ್ಲಗ್ಗಿಗೆ ಕಿಡಿ ಹೋಗುವುದಿಲ್ಲ.

ನಮ್ಮ ಮೆಕ್ಯಾನಿಕ್ ಸಾಹೇಬರು ಪ್ರತಿ ಮಳೆಗಾಲದಲ್ಲೂ ಆ ಮುಚ್ಚಳ ತೆಗೆದು ಒರೆಸುವುದನ್ನು ನಾನು ನೂರು ಸಲ ನೋಡಿದ್ದೇನೆ. ನೋಡಿದ್ದೇನೆ ಅಷ್ಟೆ. ಇವಳು ನೋಡುತ್ತ ಕಲಿತಿದ್ದಳು. ತಮ್ಮನ ಕೈಯಲ್ಲಿ ಟಾರ್ಚು, ತಲೆಯ ಮೇಲೆ ಕಂಬಳಿಕೊಪ್ಪೆ. ಸೀರೆಯೆಲ್ಲ ಒದ್ದೆ, ಒಣಗಿದ ಬಟ್ಟೆ ಎಂದರೆ ಅಮ್ಮ ಹೊದ್ದಿದ್ದ ಶಾಲು ಒಂದೇ. ಅದರ ಅಂಚಿನಿಂದ ಮುಚ್ಚಳ ಒರೆಸಿ, ವೈರುಗಳನ್ನು ಒತ್ತಿ, ಚೋಕ್ ಎಳೆದು ಕೀಲಿ ತಿರುಗಿಸಿದಳು. ಮೂರನೆಯ ಸಲಕ್ಕೆ ಹಿಡಿಯಿತು. ಬೆಳಗಿನ ಜಾವ ಸಾಗರದ ಆಸ್ಪತ್ರೆಯಿಂದ ಫೋನು ಬಂದಾಗಲೇ ನನಗೆ ವಿಷಯ ಗೊತ್ತಾದದ್ದು. ಅತ್ತೆಯವರು ಬದುಕಿದರು. ಮತ್ತೆ ನಾಲ್ಕು ವರ್ಷ ನಮ್ಮೆಲ್ಲರನ್ನೂ ಬೈದುಕೊಂಡು ಚೆನ್ನಾಗಿಯೇ ಇದ್ದರು. ಆ ಶಾಲಿನ ಗ್ರೀಸಿನ ಕಲೆ ಕೊನೆಗೂ ಹೋಗಲಿಲ್ಲ.

ಈಗ ನನ್ನ ಪ್ರತಾಪ. ಕಾರಿಗೆ ಹದಿನೈದು ವರ್ಷ ತುಂಬಿದ ಮೇಲೆ ಐದೈದು ವರ್ಷಕ್ಕೆ ಎಫ್‌ಸಿ ಮಾಡಿಸಿ ನೋಂದಣಿ ನವೀಕರಿಸಬೇಕು. 2008ರಲ್ಲಿ ಸುಲಭವಾಗಿಯೇ ಆಯಿತು. 2013ರ ಹೊತ್ತಿಗೆ ತಳ ತುಕ್ಕು ಹಿಡಿದಿತ್ತು. ಕಾಲ ಬುಡದ ಮ್ಯಾಟ್ ಎತ್ತಿದರೆ ರಸ್ತೆ ಕಾಣುತ್ತಿತ್ತು. ಟಿಂಕರಿಂಗ್, ಪೇಂಟು, ಟೈರು ಎಲ್ಲ ಸೇರಿ 18 ಸಾವಿರ ಎಂದರು ಸಾಹೇಬರು. ಅದೇ ವಾರ ಒಬ್ಬ ಬ್ರೋಕರು ಮನೆಗೆ ಬಂದು, ಇದ್ದ ಹಾಗೆಯೇ 32 ಸಾವಿರಕ್ಕೆ ಒಯ್ಯುವೆನೆಂದ. ಅತ್ತೆಯವರು ತೀರಿಕೊಂಡು ಎರಡು ತಿಂಗಳಾಗಿತ್ತು. ಇನ್ನು ಹೊಳೆಯಾಚೆ ಹೋಗುವ ಪ್ರಮೇಯವೆಲ್ಲಿ ಎಂದು ನಾನು ಲೆಕ್ಕ ಹಾಕಿದೆ. ಹೌದು, ಹಾಗೆಯೇ ಲೆಕ್ಕ ಹಾಕಿದೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ. ಇವಳು ಸಂತೆಗೆ ಹೋಗಿದ್ದಾಗ 2,000 ರೂಪಾಯಿ ಮುಂಗಡ ತೆಗೆದುಕೊಂಡು, ಅದನ್ನು ಪುಸ್ತಕವೊಂದರಲ್ಲಿ ಇಟ್ಟೆ.

ಎರಡು ದಿನ ಹೇಳಲು ಧೈರ್ಯ ಬರಲಿಲ್ಲ. ಮೂರನೆಯ ದಿನ ಬ್ರೋಕರೇ ಫೋನು ಮಾಡಿ, ಫೋನು ಎತ್ತಿದ ಇವಳಿಗೆ, "ಅಮ್ಮಾ, ಗಾಡಿ ತಗೊಂಡು ಹೋಗಕ್ಕೆ ಯಾವಾಗ ಬರಲಿ?" ಎಂದು ಕೇಳಿದ. ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ಎರಡು ಮಾತು ಆಡುವ ಅವಕಾಶವಿರುತ್ತಿತ್ತು. ಊಟಕ್ಕೆ ಬಡಿಸುತ್ತ, "ಅಮ್ಮ ಸತ್ತಳು ಅಂತ ಹೊಳೆನೂ ಬತ್ತೋಯ್ತು ಅಂದ್ಕೊಂಡ್ರಾ? ಅಲ್ಲಿ ನನ್ನ ತಮ್ಮ ಇಲ್ವಾ?" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಅರ್ಧ ಕಾರು ನಂದು. ನಿಮ್ಮರ್ಧ ಬೇಕಾದ್ರೆ ಮಾರಿ" ಎಂದಳು. ಸಾರು ಬಿಸಿಯಾಗಿಯೇ ಇತ್ತು, ನನಗೆ ಇಳಿಯಲಿಲ್ಲ.

ಮರುದಿನ ಬ್ರೋಕರಿಗೆ ಹಣ ತಿರುಗಿಸಿ, ಅವನ ಬಾಯಿಂದ ಬರಬೇಕಾದ್ದನ್ನೆಲ್ಲ ಕೇಳಿಸಿಕೊಂಡು, ಕಾರನ್ನು ಸಾಹೇಬರ ಗ್ಯಾರೇಜಿಗೆ ಬಿಟ್ಟು ಬಂದೆ. ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸ ತಗಡು ಬೆಸೆಯುವಾಗ ಅವರು, "ಮೇಷ್ಟ್ರೇ, ಅಕ್ಕ ಹೇಳಿದ್ದಾರೆ, ಸೀಟಿನ ಬಟ್ಟೆ ಮಾತ್ರ ಬದಲು ಮಾಡ್ಬೇಡಿ ಅಂತ" ಎಂದರು. ಏಕೆಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮುಂದಿನ ಜನವರಿಯಲ್ಲಿ, 2014ರಲ್ಲಿ, ಗುರುಗಾಂವಿನ ಕಾರ್ಖಾನೆ ಈ ಮಾದರಿಯನ್ನು ತಯಾರಿಸುವುದನ್ನೇ ನಿಲ್ಲಿಸಿತು. ಹೊಗೆಯ ಹೊಸ ನಿಯಮದಿಂದಾಗಿ ಬೆಂಗಳೂರಿನಂಥ ದೊಡ್ಡ ನಗರಗಳಲ್ಲಿ ಮಾರಾಟ 2010ರಲ್ಲೇ ನಿಂತಿತ್ತು. ಆದರೂ ಬಿಡಿ ಭಾಗಗಳಿಗೆ ನಾವು ಇದುವರೆಗೆ ಪರದಾಡಿದ್ದಿಲ್ಲ. ಲಕ್ಷಾಂತರ ಕಾರುಗಳು ಹುಟ್ಟಿದ ವಂಶ. ಗುಜರಿಯಲ್ಲಾದರೂ ಒಬ್ಬ ದಾಯಾದಿ ಸಿಕ್ಕೇ ಸಿಗುತ್ತಾನೆ. ನಮ್ಮದರ ಎಡಬಾಗಿಲು ಹಾಗೆ ಸಿಕ್ಕಿದ್ದು, ಮೂಲತಃ ಕೆಂಪು.

2018ರ ಎಫ್‌ಸಿ ದಾಟಿತು. 2023ಕ್ಕೆ ಬರುವಾಗ ಕಾನೂನಿಗೆ ಹಳೆಯ ಕಾರುಗಳ ಮೇಲೆ ಕೋಪ ಬಂದಿತ್ತು. 2022ರ ಏಪ್ರಿಲಿಗೆ ಮೊದಲು 600 ರೂಪಾಯಿ ಇದ್ದ ನವೀಕರಣದ ಶುಲ್ಕ 5,000 ಆಗಿತ್ತು. ಹಸಿರು ತೆರಿಗೆ ಬೇರೆ. ಮಗ ಫೋನಿನಲ್ಲಿ, "ಅಪ್ಪ, ಕಾರಿನ ಬೆಲೆಗಿಂತ ಖರ್ಚೇ ಜಾಸ್ತಿ. ಗುಜರಿಗೆ ಕೊಡಿ, ನಾನು ಹೊಸದು ಕೊಡಿಸ್ತೀನಿ" ಎಂದ. ಅವನ ಲೆಕ್ಕ ಸರಿ. ಹತ್ತು ವರ್ಷ ಮೊದಲು ನಾನು ಹಾಕಿದ್ದೂ ಇದೇ ಲೆಕ್ಕ. "ಅಮ್ಮನ ಹತ್ರ ಮಾತಾಡು" ಎಂದು ಫೋನನ್ನು ಅಡಿಗೆಮನೆಗೆ ದಾಟಿಸಿದೆ. ಎರಡೇ ನಿಮಿಷದಲ್ಲಿ ಫೋನು ವಾಪಸು ಬಂತು. ಹಣ ನಾನು ಕಟ್ಟಿದೆ, ನನ್ನ ಅರ್ಧಕ್ಕೂ ಅವಳ ಅರ್ಧಕ್ಕೂ ಸೇರಿಸಿ.

ಇತ್ತೀಚಿನ ತೊಂದರೆ ಪೆಟ್ರೋಲಿನದು. ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸಿದ ಪೆಟ್ರೋಲು ಈ ಕಾಲದ ರಬ್ಬರಿಗೆ ಸರಿ. ಮೂವತ್ತು ವರ್ಷದ ಹಿಂದಿನದಕ್ಕೆ ಒಗ್ಗುವುದಿಲ್ಲ. ಸಾಹೇಬರ ಮಗ (ಸಾಹೇಬರಿಗೆ ಈಗ ಕಣ್ಣು ಮಂಜು) ಪೆಟ್ರೋಲ್ ಪೈಪುಗಳನ್ನೂ ಕಾರ್ಬ್ಯುರೇಟರಿನ ಗ್ಯಾಸ್ಕೆಟ್ಟನ್ನೂ ಬದಲಿಸಿ, ಗಾಡಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ, ಓಡಿಸುತ್ತಿರಿ ಎಂದಿದ್ದಾನೆ.

2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವಿನ ಸೇತುವೆ ಉದ್ಘಾಟನೆಯಾಯಿತು. ಎರಡು ಕಿಲೋಮೀಟರಿಗೂ ಮಿಕ್ಕಿದ ಉದ್ದ. ಜನಜಂಗುಳಿ ಕರಗಲಿ ಎಂದು ಹದಿನೈದು ದಿನ ಬಿಟ್ಟು ನಾವಿಬ್ಬರೂ ಹೊರಟೆವು. ಎಂದಿನಂತೆ ಅವಳೇ ಓಡಿಸಿದಳು. ಮೂರನೆಯ ಗೇರಿನಲ್ಲಿ, ಎಡಬಲ ನೋಡುತ್ತ, ಹಿಂದಿನ ಹೊಸ ಕಾರುಗಳ ಹಾರನ್ನಿಗೆ ಕಿವಿಗೊಡದೆ ಹೋದಳು. ಕೆಳಗೆ ಹಿನ್ನೀರು ತುಂಬಿ ನಿಂತಿತ್ತು. ಆಚೆ ದಡ ಮುಟ್ಟಿದ ಮೇಲೆ ರಸ್ತೆಯ ಪಕ್ಕ ನಿಲ್ಲಿಸಿ, ಎಂಜಿನ್ ಆರಿಸಿ, "ಇಷ್ಟೇ ಹೊತ್ತಾ?" ಎಂದಳು. ನಾನು ಏನೂ ಹೇಳಲಿಲ್ಲ. ಹಿಂದಿರುಗಿ ಖಾಲಿ ಸೀಟಿನ ಕಡೆ ಒಮ್ಮೆ ನೋಡಿದಳು. ಜಡಿಮಳೆ ಶುರುವಾಯಿತು. ತಮ್ಮನ ಮನೆಯಲ್ಲಿ ಊಟಕ್ಕೆ ಕಾಯುತ್ತಿದ್ದರು.

ಕೀಲಿ ತಿರುಗಿಸಿದಳು. ಕಾರು ಕೆಮ್ಮಿ ಸುಮ್ಮನಾಯಿತು.

"ಸುಮ್ನೆ ಕೂತಿದ್ದೀರಲ್ಲ ಮಾರಾಯ್ರೆ, ಡಿಕ್ಕಿಯಲ್ಲಿ ಒಣ ಬಟ್ಟೆ ಇದೆ, ತನ್ನಿ" ಎಂದಳು. ನಾನು ಕೊಡೆ ಹುಡುಕತೊಡಗಿದೆ.