ನಿಮ್ಮ ಜೋಡಿ ಯಾರು?

ಬಿಪಿ ಮಾತ್ರೆ ಬರೆದುಕೊಟ್ಟ ಡಾಕ್ಟರು ಚೀಟಿಯ ಕೆಳಗೆ ‘ದಿನಾ ಅರ್ಧ ಗಂಟೆ ಬಿರುಸು ನಡಿಗೆ, ವಾರಕ್ಕೆ ಐದು ದಿನ’ ಎಂದು ಗೀಚಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ ಅಷ್ಟೇ, ವಾರಕ್ಕೆ ಕನಿಷ್ಠ 150 ನಿಮಿಷ. ಬಿರುಸು ಅಂದರೆ ಎಷ್ಟು ಎಂದು ಕೇಳಿದೆ. ‘ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು’ ಅಂದರು. ನನಗೆ ಕೂತಲ್ಲೇ ಹಾಡಲು ಬರುವುದಿಲ್ಲವಾದ್ದರಿಂದ ಆ ಅಳತೆ ಅರ್ಧ ಮಾತ್ರ ಉಪಯೋಗಕ್ಕೆ ಬಂತು. ಅಂತೂ ಮೈಸೂರಿನ ಕುಕ್ಕರಹಳ್ಳಿ ಕೆರೆಯ ದಾರಿಯಲ್ಲಿ ನನ್ನ ಬೆಳಗು ಶುರುವಾಯಿತು.

ಎರಡು ವರ್ಷ ಎಲ್ಲ ಚೆನ್ನಾಗಿಯೇ ಇತ್ತು. ಕೆಡಿಸಿದ್ದು ಮಗ ತಂದುಕೊಟ್ಟ ವಾಚು. ನಾಡಿ ಎಷ್ಟು, ಹೆಜ್ಜೆ ಎಷ್ಟು, ಕಿಲೋಮೀಟರಿಗೆ ಎಷ್ಟು ನಿಮಿಷ, ಎಲ್ಲಕ್ಕೂ ಅದರ ಹತ್ತಿರ ಲೆಕ್ಕ. ನಿನ್ನೆಗಿಂತ ಇವತ್ತು ನಾಲ್ಕು ಸೆಕೆಂಡು ತಡವಾಯಿತೋ, ಮನೆಗೆ ಬಂದು ಉಪ್ಪಿಟ್ಟಿನ ಮೇಲೆ ಸಿಟ್ಟು. ಕೆರೆಯಲ್ಲಿ ಹೆಜ್ಜಾರ್ಲೆ ಬಂದಿವೆಯೋ ಹೋಗಿವೆಯೋ ನೋಡುವುದನ್ನೇ ಬಿಟ್ಟೆ. ಕೊನೆಗೆ 58ನೇ ವಯಸ್ಸಿಗೆ ಹತ್ತು ಕಿಲೋಮೀಟರ್ ಓಟಕ್ಕೆ ಹೆಸರು ಕೊಟ್ಟೆ. ಒಂದು ಗಂಟೆ ಹತ್ತೊಂಬತ್ತು ನಿಮಿಷ! ಕೊರಳಿಗೆ ಪದಕ ಬಿತ್ತು. ಆಮೇಲೆ ಮೂರು ವಾರ ಮನೆಯ ಮೆಟ್ಟಿಲನ್ನು ಬೆನ್ನು ಮುಂದು ಮಾಡಿ ಇಳಿದೆ. ‘ಆರೋಗ್ಯ ಜಾಸ್ತಿಯಾಯ್ತೇನೋ’ ಅಂದಳು ಹೆಂಡತಿ.

ಕುಂಟುತ್ತಾ ಕೆರೆಗೆ ಹೋದ ದಿನ ಬೆಂಚಿನ ಮೇಲೆ ಪೈಲ್ವಾನರು ಕೂತಿದ್ದರು. ಎಂಬತ್ತರ ಹತ್ತಿರದ ಜೀವ. ಎದುರಾಳಿಗಳ ತಲೆಗೆ ತಲೆ ಕೊಟ್ಟು ಉಜ್ಜಿ ಉಜ್ಜಿ ಕಿವಿ ಎರಡೂ ಮುದುಡಿದ ಬೋಂಡದಂತಾಗಿವೆ. ನನ್ನ ಕಥೆ ಪೂರ್ತಿ ಕೇಳಿ ಒಂದೇ ಪ್ರಶ್ನೆ ಹಾಕಿದರು: ‘ಅಲ್ಲ ಸಾಮಿ, ನಿಮ್ ಜೋಡಿ ಯಾರು?’

ಗರಡಿಯವರಿಗೆ ಜೋಡಿ ಅಂದರೆ ಎದುರಾಳಿ. ಜೋಡಿ ಕಟ್ಟಿದ ಮೇಲೆ ಸಾಮು ಬೇರೆ, ಊಟ ಬೇರೆ, ನಿದ್ದೆಯೂ ಬೇರೆ. ದಸರಾದಲ್ಲಿ ದೊಡ್ಡಕೆರೆ ಮೈದಾನದ ಅಖಾಡಕ್ಕೆ ಇಳಿಯಬೇಕಾದರೆ ತಿಂಗಳುಗಟ್ಟಲೆ ನಸುಕಿಗೇ ಎದ್ದು ದಂಡ, ಬಸ್ಕಿ, ಮಟ್ಟಿ ಅಗೆಯುವುದು; ಮೇಲೆ ಹಾಲು, ಬಾದಾಮಿ, ತುಪ್ಪ. ‘ಆ ಮೈ ನಮ್ದಲ್ಲ ಸಾಮಿ, ಆ ಜೋಡಿಗೇಂತ ಮಾಡ್ಸಿದ್ದು’ ಅಂದರು. ಕುಸ್ತಿ ನಿಂತಿತು, ಹಸಿವು ನಿಲ್ಲಲಿಲ್ಲ. ಈಗ ಅಂಗಿಯ ಜೇಬಿನಲ್ಲಿ ಸಕ್ಕರೆ ಕಾಯಿಲೆಯ ಮಾತ್ರೆ. ಮೊಣಕಾಲು ಎಂದೋ ಹೋಗಿದೆ.

ಜೋಡಿಗೇಂತ ಮಾಡಿಸಿದ ಮೈ ಅಂದಾಗ ನನಗೆ ಇನ್ನೊಂದು ಮೈ ನೆನಪಾಯಿತು. 2020ರಲ್ಲಿ ಐಕಳ ಕಂಬಳದಲ್ಲಿ ಓಡಿದ ಶ್ರೀನಿವಾಸ ಗೌಡರ ಸುದ್ದಿ ಬಂದಾಗ ಇದೇ ಬೆಂಚಿನ ಮೇಲೆ ಎಂಥ ಗದ್ದಲ! ಕೋಣಗಳ ಜೊತೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ್ದರು. ಯಾರೋ ನೂರು ಮೀಟರಿಗೆ ಭಾಗಿಸಿ 9.55 ಅಂದರು, ಬೋಲ್ಟ್‌ನ ದಾಖಲೆ 9.58. ದೇಶವೇ ಒಲಿಂಪಿಕ್ಸ್ ಕನಸು ಕಂಡಿತು, ಕೇಂದ್ರ ಸಚಿವರೇ ಟ್ರಯಲ್ಸ್‌ಗೆ ಕರೆದರು. ಗೌಡರು ಹೋಗಲಿಲ್ಲ. ಕಂಬಳದಲ್ಲಿ ಓಡುವುದು ಹಿಮ್ಮಡಿಯ ಮೇಲೆ, ಟ್ರ್ಯಾಕಿನಲ್ಲಿ ಓಡುವುದು ಕಾಲ್ಬೆರಳ ಮೇಲೆ ಅಂದರು. ನಮ್ಮ ಬೆಂಚು ಆಗ ‘ಛೇ, ಅವಕಾಶ ಬಿಟ್ಟರಲ್ಲ’ ಎಂದು ಮರುಗಿತ್ತು. ಈಗ ಅನ್ನಿಸುತ್ತದೆ, ಆ ಗದ್ದಲದಲ್ಲಿ ತನ್ನ ಮೈ ಯಾವ ಗದ್ದೆಗೆ ಪಳಗಿದ್ದು ಎಂದು ಗೊತ್ತಿದ್ದವರು ಅವರೊಬ್ಬರೇ. ನನ್ನ ಮೈ ಅರವತ್ತರ ಹೊಸ್ತಿಲಲ್ಲೂ ಯಾವುದಕ್ಕೂ ಪಳಗಿರಲಿಲ್ಲ. ವಾಚು ಹೇಳಿತು, ನಾನು ಓಡಿದೆ.

ಹಾಗಂತ ಓಡಿದ್ದಕ್ಕೆ ಪಶ್ಚಾತ್ತಾಪ ಇಲ್ಲ, ಸುಳ್ಳು ಯಾಕೆ ಹೇಳಲಿ. ಎಂಟನೇ ಕಿಲೋಮೀಟರಿನಲ್ಲಿ ನನ್ನ ಪ್ರಾಯದವನೊಬ್ಬನನ್ನು ಹಿಂದೆ ಹಾಕಿದಾಗ ಆದ ಖುಷಿ ಮೊಮ್ಮಗ ಹುಟ್ಟಿದಾಗಲೂ ಆಗಿರಲಿಲ್ಲ. ಬಿಪಿ 130ಕ್ಕೆ ಇಳಿದರೆ ಯಾರೂ ಹಾರ ಹಾಕುವುದಿಲ್ಲ, ತಮಟೆ ಬಡಿಯುವುದಿಲ್ಲ. ಆರೋಗ್ಯ ಎನ್ನುವುದು ಬೇಳೆ ಸಾರಿನಂಥ ಸಪ್ಪೆ ಸುಖ. ಪೈಲ್ವಾನರೂ ಒಪ್ಪಿದರು. ‘ಒಂದ್ಸಲ ಚಿತ್ ಮಾಡಿ ಮ್ಯಾಕ್ಕೆದ್ದಾಗ ಜನ ಕೂಗ್ತಾರಲ್ಲ...’ ಎಂದವರು ಮುಂದೆ ಹೇಳದೆ ಕೆರೆಯ ಕಡೆ ನೋಡಿದರು.

ಬಿಸಿಲೇರಿತು. ಏಳಲು ಬೆಂಚಿಗೆ ಕೈಯೂರಿದರು, ಆಗಲಿಲ್ಲ. ನಾನು ಕೈ ಚಾಚಿದೆ. ಅವರು ಅಂಗೈ ಹಿಡಿಯಲಿಲ್ಲ. ಹಳೆಯ ಅಭ್ಯಾಸ, ಮಣಿಕಟ್ಟಿಗೆ ಗಬಕ್ಕನೆ ಪಟ್ಟು ಹಾಕಿದರು. ವಾಚು ಚರ್ಮಕ್ಕೆ ಒತ್ತಿ ಜೀವ ಹೋದಂತಾಯಿತು. ಪೈಲ್ವಾನರು ಎದ್ದು ನಿಂತರು. ನಾನು ಬೆಂಚಿನ ಮೇಲೆ ಕುಸಿದಿದ್ದೆ.