ಕೈ ಬದಲಿಸಿದ ಗಡಿಯಾರ

ಹೊಸ ಗಡಿಯಾರವನ್ನು ಕೊಳ್ಳುವವನಿಗೆ ಹಣವಿದ್ದರೆ ಸಾಕು. ಹಳೆಯದನ್ನು ಕೊಳ್ಳುವವನಿಗೆ ಹಣದೊಡನೆ ಲೋಕಜ್ಞಾನವೂ ಬೇಕು. ಹೊಸದರ ಯೋಗ್ಯತೆಗೆ ಅದನ್ನು ತಯಾರಿಸಿದವರು ಹೊಣೆ. ಹಳೆಯದಾದರೋ ಹಲವು ಕೈಗಳನ್ನು ದಾಟಿ ಬಂದಿರುತ್ತದೆ. ಯಾವ ಕೈ ಏನು ಮಾಡಿತೆಂಬುದನ್ನು ಹೇಳುವವರು ಸಾಮಾನ್ಯವಾಗಿ ಇರುವುದಿಲ್ಲ. ಹಲವು ವರ್ಷಗಳ ಸಂಪಾದನೆಯಲ್ಲಿ ಮಿಗಿಸಿದ ಹಣವನ್ನು ಒಂದು ಒಳ್ಳೆಯ ಸ್ವಿಸ್ ಕೈಗಡಿಯಾರಕ್ಕೆಂದು ಮುಡಿಪಾಗಿಟ್ಟು, ಹೊಸದರ ಬೆಲೆಗೆ ಹೆದರಿ ಹಳೆಯ ಸರಕಿನ ಪೇಟೆಗೆ ಇಳಿಯುವ ಗೃಹಸ್ಥನು ಈ ಮಾತನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ವೇಳೆಯನ್ನು ತಿಳಿಯುವುದಕ್ಕಾಗಿ ಇಷ್ಟು ಹಣವನ್ನು ಸುರಿಯಬೇಕಾದ ಕಾಲ ಹೋಯಿತು. 1969ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಸಂಸ್ಥೆಯು ಸ್ಫಟಿಕದ ಕಂಪನದಿಂದ ನಡೆಯುವ ಕೈಗಡಿಯಾರವನ್ನು ಮಾರಾಟಕ್ಕೆ ತಂದಿತು. ಮುಂದೆ ಅಂತಹವು ಅಗ್ಗವಾಗಿ, ಸರಿಯಾದ ವೇಳೆಯು ಎಲ್ಲರ ಸೊತ್ತಾಯಿತು. ಸ್ವಿಟ್ಜರ್ಲೆಂಡಿನ ಪರೀಕ್ಷಾಸಂಸ್ಥೆಯಿಂದ ಪ್ರಮಾಣಪತ್ರ ಪಡೆದ ಸ್ಪ್ರಿಂಗಿನ ಗಡಿಯಾರ ಕೂಡ ದಿನಕ್ಕೆ ಸರಾಸರಿ 4 ಸೆಕೆಂಡು ಹಿಂದೆ ಬೀಳಬಹುದು, 6 ಸೆಕೆಂಡು ಮುಂದೆ ಹೋಗಬಹುದು. ದಿನವೊಂದರ 86,400 ಸೆಕೆಂಡುಗಳಲ್ಲಿ ಇದು ಅಲ್ಪವೇ. ಆದರೂ ಸ್ಫಟಿಕದ ಮುಂದೆ ಸೋಲೇ ಸರಿ. ಹಾಗಾದರೆ ಕೊಳ್ಳುವುದೇನನ್ನು? ಕೈಕೆಲಸದ ಸೊಗಸು, ಅರ್ಧ ಶತಮಾನ ಕಳೆದ ಮೇಲೂ ರಿಪೇರಿಗೆ ಒಗ್ಗುವ ಗುಣ, ಮಗಳಿಗೋ ಮೊಮ್ಮಗನಿಗೋ ಬಿಟ್ಟುಹೋಗಬಹುದಾದ ಒಂದು ನೆನಪು. ಇವೆಲ್ಲಕ್ಕೂ ಆಧಾರ ಒಂದೇ: ಆ ವಸ್ತುವು ತಾನು ಏನೆಂದು ಹೇಳಿಕೊಳ್ಳುತ್ತದೆಯೋ ಅದೇ ಆಗಿರಬೇಕು.

ಪೇಟೆಯಲ್ಲಿ ಕಣ್ಣನ್ನು ಮೊದಲು ಸೆಳೆಯುವುದು ಹೊಳಪು. 1961ರಲ್ಲಿ ಬೆಂಗಳೂರಿನಲ್ಲಿ ಗಡಿಯಾರದ ತಯಾರಿಕೆಯನ್ನು ಆರಂಭಿಸಿದ ಎಚ್.ಎಂ.ಟಿ.ಯ ಸರಕನ್ನೇ ನೋಡಬಹುದು. ಕನ್ನಡನಾಡಿನ ಎಷ್ಟೋ ಮನೆಗಳಲ್ಲಿ ತಂದೆಯ ಕೈಯನ್ನು ಅಲಂಕರಿಸಿದ್ದ ಆ ಗಡಿಯಾರಗಳು ಇಂದು ಹಳೆಯ ಪೇಟೆಯಲ್ಲಿ ಕಾರ್ಖಾನೆಯು ಎಂದೂ ಹಚ್ಚದ ಬಣ್ಣಗಳ ಡಯಲುಗಳನ್ನು ಹೊತ್ತು ಬರುವುದುಂಟು. ಅಗ್ಗದ ಗಡಿಯಾರದಲ್ಲಿ ಇದು ವಿನೋದ. ಲಕ್ಷಗಟ್ಟಲೆ ಬೆಲೆಯದರಲ್ಲಿ ಇದೇ ವಂಚನೆ.

ಕತ್ತಲೆಯಲ್ಲಿ ಅಂಕೆಗಳು ಕಾಣಲೆಂದು ಹಿಂದೆ ರೇಡಿಯಮ್ಮನ್ನೂ, 1960ರ ದಶಕದಿಂದೀಚೆಗೆ ಟ್ರಿಟಿಯಮ್ಮನ್ನೂ ಬೆರೆಸಿದ ಲೇಪವನ್ನು ಹಚ್ಚುತ್ತಿದ್ದರು. ರೇಡಿಯಮ್ಮು ಅರ್ಧಕ್ಕಿಳಿಯಲು ಸುಮಾರು 1,600 ವರ್ಷ ಬೇಕಾದರೂ, ಅದರೊಡನೆ ಸೇರಿ ಬೆಳಗುವ ಲೇಪವು ಅದರ ಪೆಟ್ಟಿನಿಂದಲೇ ಬಹು ಬೇಗ ಬೆಳಕನ್ನು ಕಳೆದುಕೊಳ್ಳುತ್ತದೆ. ಟ್ರಿಟಿಯಮ್ಮಾದರೋ ಸುಮಾರು 12 ವರ್ಷಗಳಿಗೊಮ್ಮೆ ಅರ್ಧವಾಗುತ್ತದೆ. ಆದುದರಿಂದ 1965ರದೆಂದು ಹೇಳಲಾಗುವ ಗಡಿಯಾರವು ಇರುಳೆಲ್ಲ ಬೆಳಗಿದರೆ ಲೇಪವು ಹೊಸದೆಂದೇ ತಿಳಿಯತಕ್ಕದ್ದು. ಕತ್ತಲೆಯಲ್ಲಿ ಕತ್ತಲಾಗಿರುವುದೇ ಇಲ್ಲಿ ಸತ್ಯದ ಗುರುತು. ಕವಚದ ಮಾತೂ ಹಾಗೆಯೇ. ಪಟ್ಟಿಯನ್ನು ಹಿಡಿದಿರುವ ನಾಲ್ಕು ಕೊಂಬುಗಳ ಅಂಚು ಮೊದಲಲ್ಲಿ ಸ್ಪಷ್ಟವಾಗಿರುತ್ತದೆ. ಗೀರನ್ನು ಅಳಿಸಲೆಂದು ಉಜ್ಜಿದಾಗಲೆಲ್ಲ ಲೋಹವೂ ಸವೆದು, ಅಂಚು ಹೊಳೆಗಲ್ಲಿನಂತೆ ಉರುಟಾಗುತ್ತದೆ.

ಕಣ್ಣಿನ ಪರೀಕ್ಷೆಗೂ ಮಿತಿಯುಂಟು. 2021ರ ನವೆಂಬರಿನಲ್ಲಿ ಜಿನೀವಾದ ಹರಾಜೊಂದರಲ್ಲಿ, 1957ರದೆಂದು ಹೇಳಲಾದ ಒಂದು ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷಕ್ಕೂ ಮೇಲ್ಪಟ್ಟ ಸ್ವಿಸ್ ಫ್ರಾಂಕುಗಳಿಗೆ ಹೋಯಿತು. ಕಪ್ಪು ಡಯಲು ಕಾಲಕ್ರಮದಲ್ಲಿ ಕಂದುಬಣ್ಣಕ್ಕೆ ತಿರುಗಿದ್ದುದೇ ಅದರ ಹೆಚ್ಚಳ. ಕೊಂಡವರು ಒಮೆಗಾ ಸಂಸ್ಥೆಯವರೇ, ತಮ್ಮ ವಸ್ತುಸಂಗ್ರಹಾಲಯಕ್ಕಾಗಿ. ಅದು ಬೇರೆಬೇರೆ ಗಡಿಯಾರಗಳ ಭಾಗಗಳನ್ನು ಕೂಡಿಸಿ ಮಾಡಿದ್ದೆಂದು 2023ರಲ್ಲಿ ಅವರೇ ಪ್ರಕಟಿಸಿ, ಇದರಲ್ಲಿ ಮಾಜಿ ನೌಕರರ ಕೈವಾಡವಿತ್ತೆಂದರು. ಹೆತ್ತ ತಾಯಿಯೇ ಮಗುವನ್ನು ಗುರುತಿಸಲಾರದೆ ಹೋದ ಮೇಲೆ ಊರವರ ಪಾಡೇನು?

ಆದುದರಿಂದ ಮೊದಲ ಬಾರಿಗೆ ಕೊಳ್ಳುವವನು ಅಪರೂಪದ ಗೋಜಿಗೆ ಹೋಗದಿರುವುದು ಮೇಲು. ವಿರಳವಾದುದರಲ್ಲಿಯೇ ಕಪಟಕ್ಕೆ ಲಾಭ ಹೆಚ್ಚು. ಬಹುಸಂಖ್ಯೆಯಲ್ಲಿ ತಯಾರಾದ, ವೇಳೆಯನ್ನೂ ತಾರೀಖನ್ನೂ ಮಾತ್ರ ತೋರಿಸುವ, ಬಿಡಿಭಾಗಗಳು ಸಿಕ್ಕುವ ಮಾದರಿಯನ್ನು ಆರಿಸಿದರೆ ಹೋಲಿಸಿ ನೋಡಲು ನೂರು ಉದಾಹರಣೆಗಳಿರುತ್ತವೆ. ಹಿಂಬದಿಯ ಮುಚ್ಚಳವನ್ನು ಬಿಚ್ಚಿಸಿ ತೋರಿಸಲು ಒಪ್ಪದವನಲ್ಲಿ ವ್ಯಾಪಾರ ಬೇಡ. ಪೆಟ್ಟಿಗೆ, ಕಾಗದಪತ್ರಗಳಿದ್ದರೆ ಒಳ್ಳೆಯದು. ಆದರೆ ಕಾಗದದ ಸಂಖ್ಯೆಯೂ ಕವಚದ ಸಂಖ್ಯೆಯೂ ಒಂದೇ ಆಗಿರಬೇಕು, ಕಾಗದವನ್ನೂ ಸೃಷ್ಟಿಸಬಲ್ಲವರುಂಟು. ಒಣಗಿದ ಎಣ್ಣೆಯನ್ನು ತೆಗೆಸಿ ಯಂತ್ರವನ್ನು ಶುದ್ಧಿಮಾಡಿಸುವ ಖರ್ಚನ್ನೂ ಬೆಲೆಗೆ ಕೂಡಿಸಿ ಲೆಕ್ಕ ಹಾಕಬೇಕು. ಹೆಸರಾಂತ ಗಡಿಯಾರದ ಬೆಲೆ ಏರುತ್ತಲೇ ಇರುವುದೆಂಬ ಮಾತಿಗೆ ಕಿವಿಗೊಡಲಾಗದು. 2022ರ ಆದಿಯಲ್ಲಿ ತುದಿಮುಟ್ಟಿದ ಬೆಲೆಗಳು ಅದೇ ವರ್ಷ ಇಳಿದವು. ಆ ವರ್ಷದ ಕೊನೆಗೆ ರೋಲೆಕ್ಸ್ ಸಂಸ್ಥೆಯು ತನ್ನ ಹಳೆಯ ಗಡಿಯಾರಗಳನ್ನು ತಾನೇ ಪರೀಕ್ಷಿಸಿ, ಎರಡು ವರ್ಷಗಳ ಹೊಣೆಯೊಡನೆ ಅಧಿಕೃತ ವರ್ತಕರಿಂದ ಮಾರಿಸುವ ಏರ್ಪಾಡನ್ನು ಆರಂಭಿಸಿತು. ಅಂತಹ ಕಡೆ ಹೆಚ್ಚಾಗಿ ತೆರುವ ಹಣವು ನೆಮ್ಮದಿಯ ಬೆಲೆ.

ಇಷ್ಟೆಲ್ಲ ಶೋಧನೆಯ ಬಳಿಕ ಎರಡು ಗಡಿಯಾರಗಳು ಮುಂದೆ ಉಳಿಯಬಹುದು: ಒಂದು ಕನ್ನಡಿಯಂತೆ ಹೊಳೆಯುವುದು, ಮತ್ತೊಂದು ಗೀರು ಬಿದ್ದು ಡಯಲು ಮಾಸಿರುವುದು. ಎರಡನೆಯದರ ಭಾಗಗಳೆಲ್ಲ ಹುಟ್ಟಿನಿಂದಲೂ ಜೊತೆಯಲ್ಲಿದ್ದವಾದರೆ ವಿವೇಕಿಯು ಅದನ್ನೇ ಕೈಗೆ ಕಟ್ಟುತ್ತಾನೆ. ಮುಂದೊಂದು ದಿನ ಅದನ್ನು ಮಗಳ ಕೈಗೆ ಕೊಡುವಾಗ ಹೇಳುವ ಕಥೆಯಲ್ಲಿ ಯಾವುದನ್ನೂ ಮುಚ್ಚಬೇಕಾಗುವುದಿಲ್ಲ.